ಪಾದ ಹೇಳುವುದನ್ನು ಕೇಳಿಸಿಕೋ

ಪುಟ್ಟೀ,

ಶಿವಮೊಗ್ಗದಲ್ಲಿ ಕೋಣೆ ಗೊತ್ತಾಯಿತು, ರಿಫ್ಲೆಕ್ಸಾಲಜಿ ಸರ್ಟಿಫಿಕೇಟೂ ಕೈಗೆ ಬಂತು, ಯುಗಾದಿ ಕಳೆದ ಮೇಲೆ ಬಾಗಿಲು ತೆರೆಯುತ್ತಾಳಂತೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು ಕಣೇ. "ಕಂಡವರ ಕಾಲು ತಿಕ್ಕೋದೂ ಒಂದು ಕೆಲಸವಾ" ಎಂದು ನೆಂಟರಲ್ಲಿ ಯಾರೋ ಆಡಿದರಂತೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಡ್ರೆಸಿಂಗ್ ಟ್ರೇ ಹಿಡಿದು ಆಯುಷ್ಯ ಕಳೆದವಳು. ಅಲ್ಲಿ ನಾನು ಹೆಚ್ಚು ಬಗ್ಗಿ ಕುಳಿತದ್ದು ಜನರ ಪಾದಗಳ ಮುಂದೆಯೇ. ಮುಖದಲ್ಲಿ ಮುಚ್ಚಿಟ್ಟದ್ದನ್ನು ಮನುಷ್ಯ ಪಾದದಲ್ಲಿ ಮುಚ್ಚಿಡಲಾರ. ಅದಕ್ಕೇ ನಿನ್ನ ಕೆಲಸ ದೊಡ್ಡದು. ದೊಡ್ಡ ಕೆಲಸವಾದ್ದರಿಂದಲೇ ಬಾಗಿಲು ತೆರೆಯುವ ಮುಂಚೆ ಕೆಲವು ಮಾತು ನಿನ್ನ ಕಿವಿಗೆ ಹಾಕಬೇಕು.

ಮೊದಲು ಗೋಡೆಗೆ ತೂಗುಹಾಕಲಿರುವ ಆ ಬಣ್ಣಬಣ್ಣದ ಚಾರ್ಟಿನ ವಿಷಯ. ಹೆಬ್ಬೆರಳಲ್ಲಿ ತಲೆ, ಅಂಗಾಲಿನ ನಡುವೆ ಕಿಡ್ನಿ, ಬಲಗಾಲಲ್ಲಿ ಲಿವರ್, ಎಡಗಾಲಲ್ಲಿ ಹೃದಯ, ಒಳ ಅಂಚಿನುದ್ದಕ್ಕೂ ಬೆನ್ನೆಲುಬು, ಹಿಮ್ಮಡಿಯಲ್ಲಿ ಸೊಂಟದ ಕೆಳಗಿನದೆಲ್ಲ. ನೀನು ಬಾಯಿಪಾಠ ಮಾಡಿ ಪಾಸಾಗಿದ್ದೀಯ, ಒಳ್ಳೆಯದು. ಆದರೆ ಬಂದವರಿಗೆ ಅದನ್ನು ತೋರಿಸಿ "ಇದು ನಾಲ್ಕೈದು ಸಾವಿರ ವರ್ಷದ ವಿದ್ಯೆ, ಈಜಿಪ್ಟಿನ ಗೋರಿಯಲ್ಲೇ ಚಿತ್ರವಿದೆ" ಎಂದು ಹೇಳಲು ಹೋಗಬೇಡ. ಸಕಾರಾದಲ್ಲಿ ಅಂಖ್‌ಮಾಹೋರ್ ಎಂಬ ಅಧಿಕಾರಿಯ ಗೋರಿ ಇರುವುದು ನಿಜ. ಅಲ್ಲಿ ಒಬ್ಬರು ಇನ್ನೊಬ್ಬರ ಕೈಕಾಲು ಹಿಡಿದಿರುವ ಚಿತ್ರವಿರುವುದೂ ನಿಜ. ಅವರು ಉಗುರು ತೆಗೆಯುತ್ತಿದ್ದಾರೋ, ಗಾಯಕ್ಕೆ ಮದ್ದು ಮಾಡುತ್ತಿದ್ದಾರೋ, ಒತ್ತುತ್ತಿದ್ದಾರೋ ಎಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ.

ನಿನ್ನ ಚಾರ್ಟಿನ ವಯಸ್ಸು ಸುಮಾರು ನೂರು ವರ್ಷ. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಎಂಬ ಕಿವಿ-ಮೂಗು-ಗಂಟಲಿನ ಡಾಕ್ಟರಿದ್ದರು. ದೇಹವನ್ನು ನೆತ್ತಿಯಿಂದ ಕಾಲ್ಬೆರಳಿನ ತನಕ 10 ಉದ್ದ ಪಟ್ಟಿಗಳಾಗಿ ಭಾಗ ಮಾಡಿಕೊಂಡು, ಒಂದು ಪಟ್ಟಿಯಲ್ಲಿ ಎಲ್ಲಾದರೂ ಒತ್ತಿದರೆ ಅದೇ ಪಟ್ಟಿಯ ಬೇರೆ ಕಡೆಯ ನೋವು ಮಂಕಾಗುತ್ತದೆ ಎಂದು ಅವರು ನಂಬಿದರು. ಬೆರಳಿಗೆ ರಬ್ಬರ್ ಬ್ಯಾಂಡು ಬಿಗಿಯುವುದು, ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸುವುದು ಅವರ ಉಪಾಯಗಳು. ಎಡ್ವಿನ್ ಬವರ್ಸ್ ಜೊತೆ ಸೇರಿ ಬರೆದ ಅವರ ಪುಸ್ತಕ 1917ರಲ್ಲಿ ಬಂತು. ಆಮೇಲೆ ಜೋ ಶೆಲ್ಬಿ ರೈಲಿ ಎಂಬ ಡಾಕ್ಟರ ಹತ್ತಿರ ಕೆಲಸಕ್ಕಿದ್ದ ಯೂನಿಸ್ ಇಂಗಮ್ ಎಂಬ ಹೆಣ್ಣುಮಗಳು ಈ ಕ್ಲಿಪ್ಪು ಬ್ಯಾಂಡುಗಳನ್ನೆಲ್ಲ ಬದಿಗಿಟ್ಟು, ಬರಿಗೈಯಲ್ಲಿ ಪಾದಗಳನ್ನು ಒತ್ತಿ ಒತ್ತಿ ಎಲ್ಲಿ ಏನಿದೆ ಎಂಬ ನಕ್ಷೆ ಮಾಡಿದರು. ಪಾದಗಳು ಹೇಳಬಲ್ಲ ಕಥೆಗಳು ಎಂಬರ್ಥದ ಹೆಸರಿನಲ್ಲಿ 1938ರಲ್ಲಿ ಅವರ ಪುಸ್ತಕ ಹೊರಬಂತು. ಆ ಹೆಂಗಸಿನ ಬಗ್ಗೆ ನನಗೆ ಗೌರವವಿದೆ. ದೊಡ್ಡ ಡಾಕ್ಟರುಗಳು ತಿರುಗಿಯೂ ನೋಡದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಊರೂರು ಸುತ್ತಿ ಕಲಿಸಿದವರು ಅವರು. ಗೌರವವಿದೆ ಎಂದು ನಕ್ಷೆಯನ್ನೆಲ್ಲ ನಂಬಬೇಕಿಲ್ಲ.

ಯಾಕೆ ನಂಬಬೇಕಿಲ್ಲ ಎಂದರೆ, ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ರೋಗ ಏನೆಂದು ಮೊದಲೇ ಗೊತ್ತಿದ್ದವರ ಪಾದಗಳನ್ನು ಮಾತ್ರ ರಿಫ್ಲೆಕ್ಸಾಲಜಿ ತಜ್ಞರ ಮುಂದಿಟ್ಟು, ಇವರಿಗೆ ಯಾವ ಕಾಯಿಲೆ ಹೇಳಿ ಎಂದರು. ಹೇಳಲಾಗಲಿಲ್ಲ. 2009ರಲ್ಲಿ ಎಡ್ಜರ್ಡ್ ಅರ್ನ್ಸ್ಟ್ ಎಂಬ ಪ್ರೊಫೆಸರು ಅದುವರೆಗಿನ 18 ಪ್ರಯೋಗಗಳನ್ನು ಒಟ್ಟಿಗೆ ಜಾಲಾಡಿ, ಯಾವುದೇ ರೋಗ ಇದರಿಂದ ಗುಣವಾಗುತ್ತದೆನ್ನಲು ಮನದಟ್ಟಾಗುವ ಪುರಾವೆ ಇಲ್ಲ ಎಂದು ಬರೆದರು. ಅಸ್ತಮಾ ಇದ್ದವರಿಗೆ ಡೆನ್ಮಾರ್ಕಿನಲ್ಲಿ ಮಾಡಿ ನೋಡಿದಾಗ ಸರಿಯಾದ ಬಿಂದು ಒತ್ತಿದ್ದಕ್ಕೂ ಸುಮ್ಮನೆ ಎಲ್ಲೆಲ್ಲೋ ಒತ್ತಿದ್ದಕ್ಕೂ ವ್ಯತ್ಯಾಸ ಸಿಗಲಿಲ್ಲ. ಇದನ್ನೆಲ್ಲ ನಿನ್ನ ಉತ್ಸಾಹಕ್ಕೆ ನೀರೆರಚಲು ಹೇಳುತ್ತಿಲ್ಲ. ನಾಳೆ ಓದಿಕೊಂಡ ಗಿರಾಕಿಯೊಬ್ಬರು ಬಂದು ಕೇಳಿದರೆ ನೀನು ತಲೆತಗ್ಗಿಸಬಾರದು.

ನಮ್ಮ ಕಡೆಯ ವಿದ್ಯೆಯನ್ನೂ ಇದರೊಂದಿಗೆ ಕಲಸಬೇಡ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪಾದಾಭ್ಯಂಗದ ಮಾತು ಬರುತ್ತದೆ. ಪಾದಕ್ಕೆ ಎಣ್ಣೆ ತಿಕ್ಕಿದರೆ ಒರಟು, ಬಿಗಿತ, ದಣಿವು, ಜೋಮು ಇಳಿಯುತ್ತವೆ, ಹಿಮ್ಮಡಿ ಒಡೆಯುವುದಿಲ್ಲ, ಕಾಲಿಗೆ ಬಲ ಬರುತ್ತದೆ ಎಂದು ಅಲ್ಲಿದೆ. ಕಣ್ಣಿಗೂ ಒಳ್ಳೆಯದು ಎನ್ನುತ್ತದೆ. ಗಮನಿಸಿದೆಯಾ, ಅಲ್ಲಿ ಹೇಳಿದ್ದರಲ್ಲಿ ಹೆಚ್ಚಿನದು ಪಾದಕ್ಕೇ ಆಗುವ ಒಳಿತು. ಕಿಡ್ನಿ ಎಲ್ಲಿ, ಲಿವರ್ ಎಲ್ಲಿ ಎಂಬ ನಕ್ಷೆ ಅಲ್ಲಿಲ್ಲ. ನರಕ ಚತುರ್ದಶಿಯ ಬೆಳಗ್ಗೆ ನಿನ್ನಜ್ಜಿ ನೆತ್ತಿಗೆ ಎಣ್ಣೆ ತಟ್ಟಿ ಆದಮೇಲೆ ಅಂಗಾಲು ಹಿಡಿದು ತಿಕ್ಕುತ್ತಿದ್ದರಲ್ಲ, ಆ ಕೈಯ ಹಿಂದೆ ಇದ್ದದ್ದು ಈ ಅಭ್ಯಂಗದ ರೂಢಿ, ಇಂಗಮ್ ಅವರ ಚಾರ್ಟಲ್ಲ. ಎರಡೂ ಒಳ್ಳೆಯವೇ ಇರಬಹುದು, ಆದರೆ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಬಾರದು.

ಹಾಗಾದರೆ ದೊಡ್ಡಮ್ಮ, ಇದರಿಂದ ಪ್ರಯೋಜನವೇ ಇಲ್ಲವಾ ಎಂದು ಕೇಳುತ್ತೀಯ. ಇದೆ ಮಗಳೇ, ಬೇಕಾದಷ್ಟಿದೆ.

ಒಂದು ಪಾದದಲ್ಲಿ 26 ಮೂಳೆಗಳು, 30ಕ್ಕೂ ಮೀರಿ ಕೀಲುಗಳು, ಅವನ್ನು ಹಿಡಿದಿಟ್ಟ 100ಕ್ಕೂ ಹೆಚ್ಚು ಕಟ್ಟುನಾರುಗಳು. ದಿನವಿಡೀ ಇಡೀ ಮೈಯ ಭಾರ ಇವುಗಳ ಮೇಲೆ. ಬಟ್ಟೆ ಅಂಗಡಿಯಲ್ಲಿ ಕೂರುವ ಸ್ಟೂಲೂ ಇಲ್ಲದೆ ನಿಲ್ಲುವ ಹುಡುಗಿಯರು, ಹೋಟೆಲಿನ ಸಪ್ಲೈಯರ್‌ಗಳು, ಕಂಡಕ್ಟರುಗಳು, ನೈಟ್ ಡ್ಯೂಟಿ ಮುಗಿಸಿದ ನರ್ಸುಗಳು, ಇವರೆಲ್ಲ ನಿನ್ನ ಕುರ್ಚಿಯಲ್ಲಿ ಕೂತು ಕಾಲು ಚಾಚುವುದೇ ಅರ್ಧ ಚಿಕಿತ್ಸೆ. ಅಂಗಾಲಿನ ಚರ್ಮದಲ್ಲಿ ಸ್ಪರ್ಶ ಗ್ರಹಿಸುವ ನರತುದಿಗಳು ದಟ್ಟವಾಗಿವೆ. ನಿಧಾನವಾಗಿ, ಒಂದೇ ಹದದಲ್ಲಿ ಒತ್ತಿದಾಗ ಬಿಗಿದ ಸ್ನಾಯು ಸಡಿಲವಾಗುತ್ತದೆ, ಉಸಿರು ನಿಧಾನವಾಗುತ್ತದೆ, ಎದೆಯ ಬಡಿತ ತಗ್ಗುತ್ತದೆ, ಎಷ್ಟೋ ಜನ ಅಲ್ಲೇ ಕಣ್ಣು ಮುಚ್ಚಿಬಿಡುತ್ತಾರೆ. ನೋವಿನ ಸುದ್ದಿ ಮಿದುಳಿಗೆ ಮುಟ್ಟುವ ದಾರಿಯಲ್ಲಿ ಬೆನ್ನುಹುರಿಯಲ್ಲೊಂದು ಬಾಗಿಲಿದೆ, ಸ್ಪರ್ಶದ ಸುದ್ದಿ ಅಲ್ಲಿ ಹೆಚ್ಚಾದರೆ ನೋವಿಗೆ ದಾರಿ ಕಿರಿದಾಗುತ್ತದೆ ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ವಿವರಿಸಿದರು. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜುವುದೂ ಇದೇ ಕಾರಣಕ್ಕೆ ಫಲ ಕೊಡುತ್ತದೆ. ಇನ್ನು ಬೆಳಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯಲ್ಲಿ ಮೊಳೆ ಚುಚ್ಚಿದ ಹಾಗೆ ನೋಯುತ್ತದೆ ಎನ್ನುವವರು ನಿನ್ನ ಹತ್ತಿರ ಬಹಳ ಮಂದಿ ಬರುತ್ತಾರೆ. ಚಾರ್ಟು ನೋಡಿ ಅವರಿಗೆ ಗರ್ಭಕೋಶದ ತೊಂದರೆ, ಸೊಂಟದ ತೊಂದರೆ ಎಂದು ಹೆದರಿಸಬೇಡ. ಅಂಗಾಲಿನ ಅಡಿಯ ದಪ್ಪ ಪಟ್ಟಿ ಬಿಗಿದಿರುತ್ತದೆ, ಅಷ್ಟೆ. ಆ ಪಟ್ಟಿಯನ್ನೂ ಮೀನಖಂಡವನ್ನೂ ಸಡಿಲ ಮಾಡು, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಡು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲು ಹೇಳು.

ದೊಡ್ಡ ಕಾಯಿಲೆಯವರಿಗೂ ನಿನ್ನ ಕೈ ಬೇಕಾಗುತ್ತದೆ. ಅಮೆರಿಕದ ಮಿಷಿಗನ್‌ನಲ್ಲಿ ಗ್ವೆನ್ ವಯಟ್ ಎಂಬ ನರ್ಸಿಂಗ್ ಪ್ರೊಫೆಸರು ಸ್ತನ ಕ್ಯಾನ್ಸರಿನ ಹೆಂಗಸರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. 2012ರಲ್ಲಿ ಪ್ರಕಟವಾದ, 385 ಹೆಂಗಸರ ಅಧ್ಯಯನದಲ್ಲಿ ಪಾದ ಒತ್ತಿಸಿಕೊಂಡವರಿಗೆ ಉಸಿರಾಟದ ಕಷ್ಟ ಕಡಿಮೆಯಾಯಿತು, ದಿನದ ಕೆಲಸಗಳನ್ನು ಮಾಡಿಕೊಳ್ಳುವ ತ್ರಾಣ ಹೆಚ್ಚಿತು. ಗಡ್ಡೆ ಕರಗಿತು ಎಂದು ಅವರು ಎಲ್ಲೂ ಹೇಳಲಿಲ್ಲ. ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಲೇ ಇತ್ತು, ಅದರ ಜೊತೆಗೆ ಇದು. ಈ "ಜೊತೆಗೆ" ಎನ್ನುವುದನ್ನು ಯಾವತ್ತೂ ಮರೆಯಬೇಡ. ನಿನ್ನ ಮಾತು ನಂಬಿ ಯಾರೂ ಇನ್ಸುಲಿನ್ ಬಿಡಬಾರದು, ಬಿ.ಪಿ. ಮಾತ್ರೆ ನಿಲ್ಲಿಸಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪಾದ ಕಥೆ ಹೇಳುತ್ತದೆ ಎಂದ ಇಂಗಮ್ ತಪ್ಪು ಹೇಳಲಿಲ್ಲ. ಅದು ಹೃದಯದ ಸುದ್ದಿಯನ್ನೂ ಹೇಳುತ್ತದೆ, ಕಿಡ್ನಿಯ ಸುದ್ದಿಯನ್ನೂ ಹೇಳುತ್ತದೆ. ಆದರೆ ಚಾರ್ಟಿನ ಬಿಂದುಗಳಲ್ಲಿ ಅಲ್ಲ. ಅದನ್ನು ಓದುವುದು ವಾರ್ಡಿನಲ್ಲಿ ನಾವು ಕಲಿತ ವಿದ್ಯೆ. ನಿನ್ನ ಕೋರ್ಸಿನವರು ಅದಕ್ಕೆ ಹೆಚ್ಚು ಹೊತ್ತು ಕೊಟ್ಟಿರಲಾರರು.

ಕಣಕಾಲಿನ ಮೇಲೆ ಹೆಬ್ಬೆರಳಿನಿಂದ ಐದಾರು ಸೆಕೆಂಡು ಒತ್ತಿ ತೆಗೆ. ಗುಳಿ ಬಿದ್ದು ಹಾಗೇ ಉಳಿದರೆ ಮೈಯಲ್ಲಿ ನೀರು ತುಂಬಿದೆ ಎಂದರ್ಥ. ಎರಡೂ ಕಾಲಿನಲ್ಲಿ ಹೀಗಾದರೆ ಹೃದಯವೋ, ಕಿಡ್ನಿಯೋ, ಲಿವರೋ ಸೋತಿರಬಹುದು, ಇಲ್ಲವೇ ತಿನ್ನುವ ಬಿ.ಪಿ. ಮಾತ್ರೆಯಿಂದಲೂ ಇರಬಹುದು. ಯಾವುದೆಂದು ಹೇಳುವುದು ಡಾಕ್ಟರ ಕೆಲಸ, ಕಳಿಸುವುದು ನಿನ್ನ ಕೆಲಸ. ಬಸುರಿ ಹೆಣ್ಣುಮಗಳ ಕಾಲು, ಮುಖ ಇದ್ದಕ್ಕಿದ್ದಂತೆ ಊದಿ, ತಲೆನೋವು, ಕಣ್ಣು ಮಂಜು ಎಂದರೆ ಎಣ್ಣೆಯ ಬಾಟಲಿ ಮುಟ್ಟಬೇಡ, ಆಟೋ ಕರೆದು ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕಳಿಸು. ಒಂದೇ ಕಾಲು ಊದಿ, ಮೀನಖಂಡ ಬೆಚ್ಚಗಾಗಿ, ಮುಟ್ಟಿದರೆ ನೋವು ಎಂದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಹೆರಿಗೆ, ಆಪರೇಷನ್, ತುಂಬಾ ದಿನ ಮಲಗಿದ್ದದ್ದು, ಇಂಥದ್ದಾದ ಮೇಲೆ ಹೀಗಾಗುವುದು ಹೆಚ್ಚು. ಅದನ್ನು ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ಅಂಥ ಕಾಲನ್ನು ಮುಟ್ಟದಿರುವುದೇ ನೀನು ಮಾಡುವ ಚಿಕಿತ್ಸೆ.

ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳ ಪಕ್ಕದ ಸಂದಿಯಿಂದ ತುಸು ಮೇಲಕ್ಕೆ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಂತರಲ್ಲೂ ಕೆಲವರಿಗೆ ಸಿಗದು. ಆದರೆ ಪಾದ ತಣ್ಣಗಿದೆ, ಕೂದಲು ಉದುರಿ ಚರ್ಮ ನುಣುಪಾಗಿದೆ, ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ ಎಂದು ಬೀಡಿ ಸೇದುವ ಯಜಮಾನರೊಬ್ಬರು ಹೇಳಿದರೆ ರಕ್ತ ಸರಿಯಾಗಿ ಕೆಳಗಿಳಿಯುತ್ತಿಲ್ಲ ಎಂದು ತಿಳಿ. ಅವರಿಗೂ ಮೊದಲು ಡಾಕ್ಟರು. ಹೆಬ್ಬೆರಳ ಬುಡ ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾಗದ ನೋವಾದರೆ ಅದು ಯೂರಿಕ್ ಆಸಿಡ್ಡಿನ ಗೌಟ್ ಇರಬಹುದು, ಒತ್ತಿ ಹರಳು ಕರಗಿಸುತ್ತೇನೆ ಎನ್ನಬೇಡ.

ಎಲ್ಲಕ್ಕಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಸಮೀಕ್ಷೆಯ 2023ರ ಲೆಕ್ಕದಲ್ಲಿ ದೇಶದಲ್ಲಿ 10 ಕೋಟಿಗೂ ಮೀರಿ ಜನಕ್ಕೆ ಅದಿದೆ. ನಿನ್ನ ಕುರ್ಚಿಯಲ್ಲಿ ಕೂರುವವರಲ್ಲಿ ಅವರು ಇದ್ದೇ ಇರುತ್ತಾರೆ, ತಮಗೆ ಇದೆಯೆಂದು ಗೊತ್ತಿಲ್ಲದವರೂ ಇರುತ್ತಾರೆ. "ಅಂಗಾಲು ಉರಿ, ಜೋಮು, ಹತ್ತಿಯ ಮೇಲೆ ನಡೆದಂತಾಗುತ್ತದೆ" ಎಂದೇ ಅವರು ನಿನ್ನನ್ನು ಹುಡುಕಿಕೊಂಡು ಬರುವುದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲಿಗಾಗಿ ದುಡಿದ ಡಾ. ಪಾಲ್ ಬ್ರ್ಯಾಂಡ್ ಜಗತ್ತಿಗೆ ಒಂದು ಸತ್ಯ ತೋರಿಸಿಕೊಟ್ಟರು. ಬೆರಳುಗಳು ಕಾಯಿಲೆಯಿಂದ ತಾವಾಗಿ ಕೊಳೆತು ಬೀಳುವುದಿಲ್ಲ, ನೋವು ಗೊತ್ತಾಗದ ಕಾರಣ ಗಾಯದ ಮೇಲೆ ಗಾಯವಾಗಿ ಹಾಳಾಗುತ್ತವೆ. ಸಕ್ಕರೆ ಕಾಯಿಲೆಯ ಪಾದದ ಕಥೆಯೂ ಅದೇ. ಚಪ್ಪಲಿಯೊಳಗೆ ಸೇರಿದ ಕಲ್ಲು ದಿನವಿಡೀ ಕೊರೆದರೂ ಅವರಿಗೆ ತಿಳಿಯದು. ಬಿಸಿನೀರಲ್ಲಿ ಕಾಲಿಟ್ಟು ಬೊಕ್ಕೆ ಎದ್ದರೂ ತಿಳಿಯದು. ನೀನು ಜೋರಾಗಿ ಒತ್ತಿ "ನೋವಾಗ್ತಿದೆಯಾ" ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ. ಆ "ಇಲ್ಲ"ವನ್ನು ನಂಬಬೇಡ.

ಆದ್ದರಿಂದ ಯಾರೇ ಬರಲಿ, ಮೊದಲು ಒಳ್ಳೆಯ ಬೆಳಕಿನಲ್ಲಿ ಎರಡೂ ಪಾದ ನೋಡು. ಬೆರಳ ಸಂದಿಗಳನ್ನು ಬಿಡಿಸಿ ನೋಡು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗದ್ದೆ, ತೋಟದಲ್ಲಿ ಕೆಲಸ ಮಾಡುವವರ ಸಂದಿಗಳು ಬೆಳ್ಳಗೆ ಬೆಂದು ಕೆಸರುಹುಣ್ಣಾಗಿರುತ್ತವೆ. ಆಣಿ, ಒಡೆದ ಹಿಮ್ಮಡಿ, ಒಳಕ್ಕೆ ಬೆಳೆದ ಉಗುರು, ಚರ್ಮದಲ್ಲಿ ಸ್ಪರ್ಶ ತಿಳಿಯದ ಮಾಸಲು ಮಚ್ಚೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೋ. ಆ ಮಚ್ಚೆ ಕುಷ್ಠದ್ದಾಗಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ ಪುಕ್ಕಟೆ, ಬೇಗ ಹೋದರೆ ಪೂರ್ತಿ ಗುಣ. ಹತ್ತಿಯ ಎಳೆಯಿಂದ ಮೆಲ್ಲಗೆ ಸವರಿ, ಕಣ್ಣು ಮುಚ್ಚಿಸಿ, ಎಲ್ಲಿ ಮುಟ್ಟಿದೆ ಹೇಳಿ ಎಂದು ಕೇಳು. ಆಸ್ಪತ್ರೆಯಲ್ಲಿ ಇದಕ್ಕೆಂದೇ 10 ಗ್ರಾಂ ಒತ್ತಡದ ನೈಲಾನ್ ಎಳೆ ಇಟ್ಟಿರುತ್ತೇವೆ, ನೀನೂ ಒಂದು ತರಿಸಿಕೊಂಡು ಉಪಯೋಗಿಸುವ ಕ್ರಮ ಕಲಿ. ಹುಣ್ಣಿರುವ ಪಾದಕ್ಕೆ ಕೈ ಹಾಕಬೇಡ. ಸ್ಪರ್ಶ ಕಡಿಮೆಯಿದ್ದು ಹುಣ್ಣಿಲ್ಲದಿದ್ದರೆ ಡಾಕ್ಟರನ್ನು ಕೇಳಿ, ಅವರು ಸರಿ ಎಂದರೆ ಹಗುರವಾಗಿ ಎಣ್ಣೆ ಸವರು, ಬಿಸಿನೀರಿನ ಟಬ್ಬು ಬೇಡವೇ ಬೇಡ. ಪಾರ್ಕುಗಳಲ್ಲಿ ಆಕ್ಯುಪ್ರೆಶರ್ ಹಾದಿಯೆಂದು ಉರುಟುಕಲ್ಲು ಹಾಕಿರುತ್ತಾರಲ್ಲ, ಅದರ ಮೇಲೆ ಬರಿಗಾಲಲ್ಲಿ ಹೋಗಬೇಡಿ ಎಂದೂ ಇವರಿಗೆ ಹೇಳು. ಬೇರೆ ಹಿರಿಯರಿಗೆ ಅಂಥ ನೆಲ ಒಳ್ಳೆಯದೇ. ಅಮೆರಿಕದ ಆರೆಗಾನಿನಲ್ಲಿ 60 ದಾಟಿದ 108 ಜನರ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉರುಟುಕಲ್ಲಿನಂಥ ಚಾಪೆಯ ಮೇಲೆ 16 ವಾರ ನಡೆದವರಿಗೆ ಮೈಯ ಸಮತೋಲ ಸುಧಾರಿಸಿತು, ರಕ್ತದೊತ್ತಡವೂ ತುಸು ಇಳಿಯಿತು.

ಕೈಗಳ ಮಾತು. ಉಗುರು ಬೆಳೆಸಬೇಡ, ಉಂಗುರ ತೆಗೆದಿಡು, ಒಬ್ಬರಿಂದ ಇನ್ನೊಬ್ಬರಿಗೆ ಸೋಪು ಹಾಕಿ ತೊಳೆ. ಹೆಬ್ಬೆರಳ ಗೆಣ್ಣು ಮಡಿಸಿ ಬಿಡಿಸಿ ಕಂಬಳಿಹುಳು ಸಾಗಿದ ಹಾಗೆ ಅಂಗಾಲಿನ ಮೇಲೆ ಮುಂದಕ್ಕೆ ಹೋಗುವ ಆ ಇಂಗಮ್ ಪದ್ಧತಿ ಚೆನ್ನಾಗಿದೆ, ಅದನ್ನು ಬಿಡಬೇಡ. ಜೋರಾಗಿ ಒತ್ತಿದಷ್ಟೂ ಗುಣ ಹೆಚ್ಚು ಎಂದು ಬರುವವರೇ ಹೇಳುತ್ತಾರೆ, ಒಪ್ಪಬೇಡ. ಅವರ ಮುಖ ನೋಡುತ್ತ ಒತ್ತು. ನಿನ್ನ ಬೆನ್ನು ನೆಟ್ಟಗಿರುವ ಎತ್ತರಕ್ಕೆ ಸ್ಟೂಲು ಮಾಡಿಸಿಕೋ, ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ನಿನ್ನ ಹೆಬ್ಬೆರಳು, ಸೊಂಟ ಎರಡೂ ಕೈಕೊಡುತ್ತವೆ. ವಯಸ್ಸಾದವರು "ಅಯ್ಯೋ, ಕಾಲು ಮುಟ್ಟಬೇಡಮ್ಮ, ಪಾಪ ಬರುತ್ತೆ" ಎಂದು ಕಾಲು ಹಿಂದಕ್ಕೆಳೆದುಕೊಳ್ಳುತ್ತಾರೆ. ಒತ್ತಾಯ ಮಾಡದೆ ಸ್ವಲ್ಪ ಮಾತಾಡಿಸು, ಮೊದಲು ಅಂಗೈ ಹಿಡಿದು ಒತ್ತು, ಆಮೇಲೆ ತಾವೇ ಕಾಲು ಕೊಡುತ್ತಾರೆ. ಮುತ್ತೈದೆಯರಿಗೆ ಕಾಲುಂಗುರ ತೆಗೆಯಿರಿ ಎನ್ನಬೇಡ, ಬಿಟ್ಟು ಸುತ್ತಲೂ ಒತ್ತಿದರಾಯಿತು. ಆದರೆ ಉಂಗುರದಡಿ ಬೆರಳು ಊದಿ ನೀಲಿಗಟ್ಟಿದ್ದರೆ ಮಾತ್ರ ಸುಮ್ಮನಿರಬೇಡ, ತೆಗೆಸು. ಗಂಡಸರು ಬಂದಾಗ ಬಾಗಿಲು ತೆರೆದೇ ಇರಲಿ, ಯಾರಾದರೂ ಸಲಿಗೆಯ ಮಾತಾಡಿದರೆ ದುಡ್ಡು ವಾಪಸು ಕೊಟ್ಟು ಎಬ್ಬಿಸು.

ನೀರಿನಲ್ಲಿ ಉಪ್ಪು, ಕರೆಂಟು ಹಾಯಿಸಿ ಕಾಲಿನಿಂದ ವಿಷ ತೆಗೆಯುವ ಯಂತ್ರ ಕೊಳ್ಳು ಎಂದು ನಿನಗೆ ಏಜೆಂಟರು ಬೆನ್ನುಬೀಳುತ್ತಾರೆ. ನೀರು ಕಂದು ಬಣ್ಣಕ್ಕೆ ತಿರುಗುವುದು ಒಳಗಿನ ಲೋಹದ ತುಂಡು ತುಕ್ಕು ಹಿಡಿಯುವುದರಿಂದ. ಯಾರೂ ಕಾಲಿಡದಿದ್ದರೂ ಅದು ಹಾಗೇ ಆಗುತ್ತದೆ. ಅಂಥದ್ದನ್ನು ಕೋಣೆಯೊಳಕ್ಕೆ ಬಿಟ್ಟುಕೊಂಡರೆ ನಿನ್ನ ಕೈಯ ಒಳ್ಳೆಯ ಕೆಲಸಕ್ಕೂ ಕಳಂಕ.

ಬೋರ್ಡಿನ ಮೇಲೆ ಹೆಸರಿನ ಹಿಂದೆ "ಡಾ." ಹಾಕಿಸಬೇಡ. ಉಜಿರೆಯಂಥ ಕಡೆ ಮಕ್ಕಳು ಪ್ರಕೃತಿ ಚಿಕಿತ್ಸೆಯ ಪದವಿಗೆ ಇಂಟರ್ನ್‌ಶಿಪ್ ಸೇರಿ 5½ ವರ್ಷ ಓದುತ್ತಾರೆ. ಮುಂದೆ ಆಸೆಯಾದರೆ ನೀನೂ ಓದು, ನಾನು ಸಹಾಯ ಮಾಡುತ್ತೇನೆ. ಈಗ "ಪಾದದ ಆರೈಕೆ, ದಣಿವು, ನೋವು, ನಿದ್ದೆಗೆ ನೆರವು" ಎಂದಷ್ಟೇ ಬರೆಸು. ಸಕ್ಕರೆ, ಥೈರಾಯ್ಡ್, ಬಂಜೆತನ ಗುಣಪಡಿಸಲಾಗುವುದು ಎಂದು ಬರೆಸಿದರೆ ಜನ ಇನ್ನೂ ಹೆಚ್ಚು ಬರಬಹುದು, ಆ ಜನ ನಮಗೆ ಬೇಡ.

ಇನ್ನೊಂದನ್ನು ಮಾಡು, ದುಡ್ಡಿಗೆ ಕೊಂಚ ಪೆಟ್ಟಾದರೂ ಸರಿ. ಅದೇ ವಯಟ್ ಅವರ ತಂಡ 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 256 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಯವರಿಗೆ, ಗೆಳೆಯ ಗೆಳತಿಯರಿಗೆ ಪಾದ ಒತ್ತುವ ಕ್ರಮ ಕಲಿಸಿದರು. 4 ವಾರ ಮನೆಯವರ ಕೈಯಲ್ಲೇ ಒತ್ತಿಸಿಕೊಂಡವರಿಗೆ ಕಾಯಿಲೆಯ ಬಾಧೆಗಳು ಇನ್ನೊಂದು ಗುಂಪಿನವರಿಗಿಂತ ಕಡಿಮೆಯಾದವು. ಹಾಗಾಗಿ ಅತ್ತೆಯನ್ನು ಕರೆತಂದ ಸೊಸೆಯನ್ನೂ, ಅಪ್ಪನನ್ನು ಕರೆತಂದ ಮಗನನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಬೇಡ. ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸು, ಒಂದು ಪಾದ ನೀನು ಒತ್ತು, ಇನ್ನೊಂದನ್ನು ಅವರ ಕೈಗೆ ಕೊಡು. ಎಷ್ಟು ಎಣ್ಣೆ, ಎಷ್ಟು ಭಾರ, ಎಲ್ಲಿ ಮುಟ್ಟಬಾರದು ತೋರಿಸು. ರಾತ್ರಿ ಮಲಗುವ ಮುಂಚೆ ಪಾದಕ್ಕೆ ಎಣ್ಣೆ ಹಚ್ಚಿದರೆ ಬೆರಳ ಸಂದಿಗಳನ್ನು ಮಾತ್ರ ಒಣಬಟ್ಟೆಯಿಂದ ಒರೆಸಿ, ಎಣ್ಣೆಗಾಲಲ್ಲಿ ಬಚ್ಚಲಿಗೆ ಹೋಗಿ ಜಾರಿ ಬೀಳದಂತೆ ಕಾಲುಚೀಲ ಹಾಕಿಸಿ ಎಂದು ಹೇಳಿ ಕಳಿಸು. ಮಗ ಮೊದಲು ನಾಚಿಕೊಳ್ಳುತ್ತಾನೆ, ಎರಡನೆಯ ಸಲ ಬಂದಾಗ ತಾನೇ ತೋಳು ಮಡಿಸಿ ಕೂರುತ್ತಾನೆ.

ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರನ್ನು ಬಾಗಿಲು ತೆರೆಯುವ ಮುಂಚೆಯೇ ಹೋಗಿ ಕಂಡು ಬಾ. ಯಾವ ಕಾಲನ್ನು ಕಳಿಸಬೇಕು ಎಂದು ಅವರನ್ನೇ ಕೇಳಿ ಬರೆದುಕೋ, ಅವರ ನಂಬರನ್ನು ಚಾರ್ಟಿನ ಪಕ್ಕದಲ್ಲೇ ದೊಡ್ಡ ಅಕ್ಷರದಲ್ಲಿ ಅಂಟಿಸು. ನಾನು ಹಬ್ಬ ಮುಗಿಸಿಕೊಂಡು ಬರುವಾಗ ಆ ನೈಲಾನ್ ಎಳೆಯನ್ನೂ ಬರೆಯಲು ಒಂದು ರಟ್ಟಿನ ದಪ್ಪ ಪುಸ್ತಕವನ್ನೂ ತರುತ್ತೇನೆ.

ನಿನ್ನ ದೊಡ್ಡಮ್ಮ